ಎಳ್ಳಮಾವಾಸ್ಯೆಯ ಸಜ್ಜೆ ಕಡುಬು ಕಹಿಯಾಗುವುದೇಕೆ?

ಯಲಬುರ್ಗಾದ ಸೊಸೆ:

ನನ್ನ ತವರು ಗಂಗಾವತಿ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಆ ಕಡೆಯ ಹೊಲಗಳೆಲ್ಲ ಗದ್ದೆಗಳಾದವು. ನಾನು ಸೋನಾ ಮಸೂರಿ ಅನ್ನ ಉಂಡು ಬೆಳೆದವಳು. ಕೊಟ್ಟಿದ್ದು ಯಲಬುರ್ಗಾ ತಾಲ್ಲೂಕಿನ ಎರೆಹೊಲದ ಊರಿಗೆ. ಇಲ್ಲಿ ಎಳ್ಳಮಾವಾಸ್ಯೆಗೆ ಮನೆಮಂದಿ, ಬೀಗರು, ಪಕ್ಕದ ಹೊಲದವರು ಸೇರಿ 30 ಜನ ಹೊಲದಲ್ಲೇ ಊಟಕ್ಕೆ ಕೂಡುತ್ತೇವೆ. ಮೊದಲೆಲ್ಲ ಅಡುಗೆ ಅತ್ತೆಯ ಕೈಯದು. ಅವರು ತೀರಿಹೋದ ಮೇಲೆ ಕಳೆದ ವರ್ಷ ನಾನೇ ಮಾಡಿದೆ. ಸಜ್ಜೆ ಕಡುಬು ಕಹಿಯಾಯಿತು. ಯಾರೂ ಒಂದು ಮಾತೂ ಆಡಲಿಲ್ಲ. ಮಾವ ಕಡುಬು ಮುರಿದು, ಮೂಸಿ ನೋಡಿ, ರೊಟ್ಟಿಯ ಕೆಳಗೆ ಮುಚ್ಚಿಟ್ಟರು. ಅದನ್ನು ನಾನು ಕಂಡೆ. ಪುಂಡಿಪಲ್ಲೆಯೂ ಹಲ್ಲು ಜುಮ್ಮೆನ್ನುವಷ್ಟು ಹುಳಿಯಾಗಿತ್ತು. ಸಜ್ಜೆಯನ್ನು ದಸರೆಯ ಹೊತ್ತಿಗೇ ಬೀಸಿಸಿ ಡಬ್ಬಿಯಲ್ಲಿ ತುಂಬಿಟ್ಟಿದ್ದೆ. ಬೇಯಲಿಲ್ಲವೋ, ನಾದಿದ್ದು ಸಾಲಲಿಲ್ಲವೋ? ಬಲ್ಲವರು ತಿಳಿಸಿ.

ರಾಯಚೂರಿನ ಅಣ್ಣ:

ಹಿಟ್ಟಿಗೆ ಸ್ವಲ್ಪ ಬೆಲ್ಲ ಬೆರೆಸಿ ನೋಡಿ, ಕಹಿ ಗೊತ್ತಾಗುವುದಿಲ್ಲ.

ಕುಷ್ಟಗಿಯ ಅಕ್ಕ:

ಬೆಲ್ಲಕ್ಕೆ ಬಗ್ಗುವ ಕಹಿಯಲ್ಲ ಅದು, ಅಣ್ಣ. ತಂಗಿ, ನಿನ್ನ ಕೈಯದೂ ಒಲೆಯದೂ ತಪ್ಪಿಲ್ಲ, ತಪ್ಪು ಡಬ್ಬಿಯದು. ಸಜ್ಜೆಯಲ್ಲಿ ಜೋಳಕ್ಕಿಂತ ಎಣ್ಣೆಯಂಶ ಹೆಚ್ಚು. ಕಾಳಾಗಿದ್ದಾಗ ತಿಂಗಳುಗಟ್ಟಲೆ ಇಟ್ಟರೂ ಏನೂ ಆಗದು. ಬೀಸಿದ ಮೇಲೆ ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ನಿಮ್ಮ ಮಾವ ಮೂಸಿ ನೋಡಿದ್ದು ಅದನ್ನೇ. ನಾನು ಹಬ್ಬದ ಹಿಂದಿನ ದಿನವೇ ಗಿರಣಿಗೆ ಹೋಗುವುದು. ಜೊತೆಗೆ ರೊಟ್ಟಿ ಇರುವುದರಿಂದ 30 ಜನಕ್ಕೆ 3 ಕಿಲೋ ಸಜ್ಜೆ ಸಾಕು. ಬಿಸಿ ಹಿಟ್ಟನ್ನು ಹಾಗೆಯೇ ಡಬ್ಬಿಗೆ ಸುರಿಯಬೇಡ, ಬಟ್ಟೆಯ ಮೇಲೆ ಹರವಿ ಆರಿಸು.

ಎಸರು ಕುದಿಯುವಾಗ ಉಪ್ಪು ಹಾಕಿ ಹಿಟ್ಟು ಸುರಿ, ಇಳಿಸಿ, ಕೈಗೆ ತಣ್ಣೀರು ಮುಟ್ಟಿಸಿಕೊಳ್ಳುತ್ತಾ ಬಿಸಿಯಿರುವಾಗಲೇ ನಾದು. ಆರಿದರೆ ಬಿರಿಯುತ್ತದೆ. ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ನಡುವೆ ಹೆಬ್ಬೆರಳಿನಿಂದ ಒತ್ತಿ ಹಬೆಗೆ ಇಡು. ಆ ಗುಳಿ ಚೆಂದಕ್ಕೆಂದು ಮಾಡುವುದಲ್ಲ. ಅದರಿಂದ ಕಡುಬು ಒಳಗಿನವರೆಗೂ ಬೇಯುತ್ತದೆ, ಉಣ್ಣುವಾಗ ತುಪ್ಪ ನಿಲ್ಲುವುದೂ ಅದರಲ್ಲೇ.

ಪುಂಡಿ ಕೆಂಪು ದಂಟಿನದಾದರೆ ಹುಳಿ ಹೆಚ್ಚು. ಸೊಪ್ಪು ಬೇಯಿಸಿ ಮೊದಲ ನೀರು ಬಸಿದುಬಿಡು. ಆಮೇಲೆ ಹಸಿಮೆಣಸಿನಕಾಯಿ, ಎರಡು ಹಿಡಿ ಜೋಳದ ನುಚ್ಚು ಹಾಕಿ ಮತ್ತೆ ಬೇಯಿಸಿ, ಮಸೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಡು. ನುಚ್ಚು ಹುಳಿಯನ್ನು ಹೀರಿಕೊಂಡು ಪಲ್ಲೆಯನ್ನು ಗಟ್ಟಿ ಮಾಡುತ್ತದೆ.

ಸಿಂಧನೂರಿನವರು:

ನಮ್ಮ ಮನೆಯಲ್ಲಿ ಪುಂಡಿಗೆ ನುಚ್ಚಲ್ಲ, ತೊಗರಿಬೇಳೆ. ಅದು ಅನ್ನಕ್ಕೂ ಆಗುತ್ತದೆ. ರೊಟ್ಟಿಗೆ ಎಷ್ಟು ಹಿಟ್ಟು ಬೇಕಾಗುತ್ತದೆ?

ಕುಷ್ಟಗಿಯ ಅಕ್ಕ:

ಅನ್ನಕ್ಕೆ ಬೇಳೆಯೇ ಸರಿ. ಕಡುಬು, ರೊಟ್ಟಿಗೆ ಮಾತ್ರ ನುಚ್ಚಿನ ಪಲ್ಲೆಯನ್ನು ನಾನು ಬಿಟ್ಟುಕೊಡುವುದಿಲ್ಲ. ನನ್ನ ಕೈಯಲ್ಲಿ ಕಿಲೋ ಜೋಳದ ಹಿಟ್ಟಿಗೆ 12 ರೊಟ್ಟಿ ಆಗುತ್ತವೆ. ಒಬ್ಬರಿಗೆ ಮೂರರಂತೆ 90 ಬೇಕಾದರೆ 8 ಕಿಲೋ ತೆಗೆದುಕೊಳ್ಳಿ. ಅರ್ಧದಷ್ಟನ್ನು ನಾಲ್ಕು ದಿನ ಮೊದಲೇ ಖಡಕ್ ಮಾಡಿಡಿ, ಹಬ್ಬದ ನಸುಕಿನಲ್ಲಿ ಸೊಂಟ ಉಳಿಯುತ್ತದೆ. ಜೋಳದ ಹಿಟ್ಟೂ ಹೊಸದಾಗಿ ಬೀಸಿಸಿದ್ದೇ ಇರಲಿ. ಹಳೆಯದಕ್ಕೆ ಜಿಗಿ ಇರುವುದಿಲ್ಲ, ತಟ್ಟುವಾಗ ಅಂಚು ಹರಿಯುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ವಾರ ಮೊದಲೇ ಕುಟ್ಟಿಡಬಹುದು.

ಯಲಬುರ್ಗಾದ ಸೊಸೆ:

ಹಬ್ಬ ಮುಗಿಸಿ ಬರೆಯುತ್ತಿದ್ದೇನೆ, ಅಕ್ಕ. ಹಿಂದಿನ ಸಂಜೆ ಸಜ್ಜೆ ಬೀಸಿಸಿಕೊಂಡು ಬಂದೆ. ಬಟ್ಟೆಯ ಮೇಲೆ ಹರವಿದ ಹಿಟ್ಟಿನ ಪರಿಮಳ ಪಡಸಾಲೆಯವರೆಗೂ ಬಂತು. ಕಳೆದ ವರ್ಷದ ಡಬ್ಬಿ ತೆರೆದಾಗ ಆ ಪರಿಮಳ ಇರಲೇ ಇಲ್ಲ ಎಂಬುದು ಈಗ ನೆನಪಾಗುತ್ತಿದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ ಎಡೆ ಇಟ್ಟೆವು. ಮೈದುನ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತಾ ಜೋಳದ ಸಾಲುಗಳಲ್ಲಿ ಎಡೆಯ ಅಡುಗೆಯನ್ನು ಚರಗವೆಂದು ಚೆಲ್ಲಿ ಬಂದ. ಪಲ್ಲೆ ಇನ್ನೂ ಸ್ವಲ್ಪ ಹುಳಿಯೇ. ನೀರು ಬಸಿಯಲು ಮನಸ್ಸಾಗದೆ ಅರ್ಧ ಉಳಿಸಿಕೊಂಡಿದ್ದೆ. ಕಡುಬು ಮಾತ್ರ ಕಹಿಯಾಗಲಿಲ್ಲ. ಮಾವ ಉಂಡಾದ ಮೇಲೆ ನಾಲ್ಕು ಕಡುಬು, ಒಂದಿಷ್ಟು ಪಲ್ಲೆ ಕಟ್ಟಿಸಿಕೊಂಡು, ಹಾಸಿಗೆ ಹಿಡಿದಿರುವ ಗೆಳೆಯನ ಮನೆಗೆ ತಾವೇ ನಡೆದು ಹೋದರು.

ಇನ್ನೊಂದು ಕೇಳಬೇಕಿದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ನಮ್ಮ ಓಣಿಯ ಹೆಣ್ಣುಮಕ್ಕಳು ಸೇರಿ ರೊಟ್ಟಿ ಕಳಿಸುತ್ತೇವೆ. ನನ್ನ ಪಾಲಿಗೆ ಬಂದಿರುವುದು 100. ಖಡಕ್ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಪುಡಿಯಾಗದಂತೆ ಹೇಗೆ ಕಟ್ಟುತ್ತೀರಿ?