ನೀರ್ಚಾಲಿನ ಅಕ್ಕನಿಗೆ, ಮನೆಯ ವಿಮೆಯ ಬಗ್ಗೆ

ಅಕ್ಕಾ, ಅಡುಗೆಮನೆಯ ಮಾಡಿನ ಮೇಲೆ ತೆಂಗಿನಮರ ಅಡ್ಡ ಬಿದ್ದ ಫೋಟೊ ನೋಡಿ ಎದೆ ಧಸಕ್ಕೆಂದಿತು. ಭಾವ ಆ ಹೊತ್ತಿಗೆ ಜಗಲಿಯಲ್ಲಿದ್ದದ್ದು ದೊಡ್ಡ ಪುಣ್ಯ. ‘ವಿಮೆ ಉಂಟಲ್ಲ, ಎಲ್ಲವೂ ಸಿಗುತ್ತದೆಯೇ?’ ಎಂದು ಕೇಳಿದ್ದೀರಿ. ಬರೆದು ಮುಗಿಯುವ ವಿಷಯವಲ್ಲ, ಅದಕ್ಕೇ ಬಾಯಲ್ಲಿ ಹೇಳುತ್ತಿದ್ದೇನೆ. ಗುಂಪಿನಲ್ಲಿರುವ ಉಳಿದವರೂ ಕೇಳಿಸಿಕೊಳ್ಳಲಿ.

ನೀವು ಕಳುಹಿಸಿದ ಕಾಗದ ಭಾರತ್ ಗೃಹ ರಕ್ಷಾ ಪಾಲಿಸಿಯದು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಾದರಿ ಪಾಲಿಸಿ ಅದು. ಕಂಪನಿ ಯಾವುದಾದರೂ ಮೂಲ ನಿಯಮಗಳು ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಗುಡ್ಡ ಕುಸಿತ, ನೀರಿನ ಟ್ಯಾಂಕ್ ಒಡೆಯುವುದು, ವಾಹನವೋ ಮರವೋ ಬಂದು ಅಪ್ಪಳಿಸುವುದು, ಇಷ್ಟೂ ಅದರಲ್ಲಿವೆ. ಹಾಗಾಗಿ ನಿಮ್ಮ ಮಾಡು, ಪಕ್ಕಾಸು, ಒಡೆದ ಹಂಚು, ಗೋಡೆ ಎಲ್ಲದಕ್ಕೂ ಧೈರ್ಯವಾಗಿ ಕೇಳಿ. ಅವಶೇಷ ತೆಗೆಸುವ ಖರ್ಚಿಗೂ ಪರಿಹಾರ ಮೊತ್ತದ ಶೇ. 2ರವರೆಗೆ ಅವಕಾಶವಿದೆ. ಮರ ಬಿದ್ದು ಮಾಡು ಹೋದ ಕೋಣೆಯಿಂದ 7 ದಿನಗಳೊಳಗೆ ಏನಾದರೂ ಕಳವಾದರೆ ಅದೂ ಸೇರುತ್ತದೆ. ಆದರೆ ಬೇರೆ ದಿನಗಳಲ್ಲಿ ಬೀಗ ಒಡೆದು ಕದ್ದರೆ ಈ ಪಾಲಿಸಿಯಲ್ಲಿ ಇಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ವಿಮೆಯವರು ಗೋಡೆ ನೋಡಿ ಹಣ ಕೊಡುವುದಿಲ್ಲ, ಗೋಡೆ ಯಾಕೆ ಬಿತ್ತು ಎಂದು ನೋಡಿ ಕೊಡುತ್ತಾರೆ. ನನಗೆ ಇದು ಗೊತ್ತಾದದ್ದು ನಷ್ಟವಾದ ಮೇಲೆ. ಬಚ್ಚಲುಮನೆ ದೊಡ್ಡದು ಮಾಡಲು ನಾವು ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಅಂಚನ್ನು, ಜೆಸಿಬಿಯಲ್ಲಿ ಅಗೆಸಿದ್ದೆವು. ಆಟಿ ತಿಂಗಳ ಮಳೆಗೆ ಮಣ್ಣು ಜರಿದು ಗೋಡೆ ಬಿರಿಯಿತು. ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದರು, ಬಿರುಕಿನೊಳಗೆ ಕಿರುಬೆರಳು ಇಟ್ಟು ನೋಡಿದರು, ಆಮೇಲೆ ಹಿತ್ತಿಲಿಗೆ ಹೋಗಿ ಬರೆಯ ಎದುರು ನಿಂತರು. ಕೆಂಪು ಮಣ್ಣಿನಲ್ಲಿ ಜೆಸಿಬಿಯ ಹಲ್ಲಿನ ಗೀರುಗಳು ಬಾಚಣಿಗೆ ಎಳೆದ ಹಾಗೆ ಸಾಲಾಗಿ ಇನ್ನೂ ಇದ್ದವು. ಅದರದ್ದೇ ನಾಲ್ಕು ಫೋಟೊ ತೆಗೆದುಕೊಂಡು ಹೋದರು. ಅಗೆತದಿಂದಾದ ಕುಸಿತಕ್ಕೆ ಪರಿಹಾರವಿಲ್ಲ ಎಂದು ಪತ್ರ ಬಂತು. ಪಾಲಿಸಿ ತೆರೆದು ನೋಡಿದರೆ ಹೌದು, ಬರೆದಿತ್ತು. ಅದೇ ಗುಡ್ಡ ತಾನಾಗಿ ಕುಸಿದಿದ್ದರೆ ಹಣ ಬರುತ್ತಿತ್ತು. ಹೊಸ ಮನೆ ನೆಲಕ್ಕೆ ಕೂರುವಾಗ ಬರುವ ಬಿರುಕು, ಕಳಪೆ ಕೆಲಸ, ನದಿ ಕೊರೆತ, ಕಡಲ್ಕೊರೆತ ಇವನ್ನೂ ಅಲ್ಲೇ ಹೊರಗಿಟ್ಟಿದ್ದಾರೆ. ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿರುವ ನಮ್ಮವರು ಇದನ್ನು ಓದದೆ ಕಂತು ಕಟ್ಟಬಾರದು.

ಫ್ರಿಜ್, ಕಪಾಟು, ಪಾತ್ರೆ, ಬಟ್ಟೆಗಳಿಗೆ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಬೇರೆ ಕೇಳದೆಯೇ ಸಿಗುತ್ತದೆ. ನಿಮ್ಮ ಕಟ್ಟಡಕ್ಕೆ 30 ಲಕ್ಷ ಎಂದಿದೆ, ಅಂದರೆ ಸಾಮಾನಿಗೆ 6 ಲಕ್ಷದವರೆಗೆ. ಅಟ್ಟದಲ್ಲಿ ಒದ್ದೆಯಾದ ಚಾಲಿ ಅಡಿಕೆಯದ್ದು ಮಾತ್ರ ಬೇಸರದ ಸಂಗತಿ, ಅಕ್ಕಾ. ಅದು ಮಾರಾಟದ ಸರಕು, ಮನೆ ಬಳಕೆಯ ವಸ್ತುವಲ್ಲ. ವರ್ಷದ ಬೆಳೆ ಮನೆಯೊಳಗೇ ಇಡುವ ನಮ್ಮಂಥವರು ಅದಕ್ಕೆ ಬೇರೆ ವಿಮೆ ಕೇಳಬೇಕು.

ಕುಂಬಳೆ ಮಾವಾ, ನೀವು 10 ಸೆಂಟ್ಸ್ ಜಾಗದ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿದ್ದೀರಿ. ಜಾಗಕ್ಕೆ ವಿಮೆ ಇಲ್ಲ. ಮನೆಯನ್ನು ಇವತ್ತು ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟೇ ಲೆಕ್ಕ. ಇನ್ನೊಂದು, ಗೃಹಸಾಲದ ಜೊತೆ ನಿಮ್ಮಿಂದ ಕಟ್ಟಿಸಿಕೊಂಡದ್ದು ಮನೆಯ ವಿಮೆಯೋ ಸಾಲಗಾರನ ಜೀವದ ವಿಮೆಯೋ ಎಂದು ಮೊದಲು ನೋಡಿ. ಎಷ್ಟೋ ಮಂದಿ ಎರಡನೆಯದನ್ನು ಹಿಡಿದುಕೊಂಡು ಮನೆಗೆ ವಿಮೆ ಇದೆ ಎಂದು ನಂಬಿದ್ದಾರೆ.

ಅಕ್ಕಾ, ನಾಳೆ ಮರ ಕಡಿಯುವವರು ಬರುತ್ತಾರೆ ಎಂದಿರಿ. ಅವರು ಕತ್ತಿ ಹಾಕುವ ಮೊದಲು ಬುಡದಿಂದ ತುದಿಯವರೆಗೆ ಫೋಟೊ ತೆಗೆಯಿರಿ. ಗಾಳಿಗೆ ಬೇರು ಸಮೇತ ಮಗುಚಿದ್ದು ಕಾಣಬೇಕು. ಕಂಪನಿಗೆ ಇವತ್ತೇ ತಿಳಿಸಿ. ಅರ್ಜಿಯನ್ನು 30 ದಿನಗಳೊಳಗೆ ಕೊಡಬೇಕು. ಅಷ್ಟರಲ್ಲಿ ಮಳೆ ನೀರು ಒಳಗೆ ಬಾರದಂತೆ ಟಾರ್ಪಾಲು ಹೊದಿಸಿ, ಅದರ ಬಿಲ್ಲು ಇಟ್ಟುಕೊಳ್ಳಿ. ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ, ಅರ್ಜಿಯನ್ನು ಕೂತು ತುಂಬಿಸೋಣ.