ಸಹಾಯ ಬೇಕು: ಸೂಪರ್‌ನೋವಾದೊಳಗೆ ನ್ಯೂಟ್ರಿನೊಗಳ ಬಗೆ ಬದಲಾಗುವ ಲೆಕ್ಕ

ಮಾನ್ಯ ಸದಸ್ಯರಿಗೆ ನಮಸ್ಕಾರ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಓದುತ್ತಿರುವ ನಾನು ಸೆಮಿನಾರಿಗೆ, ಭಾರಿ ನಕ್ಷತ್ರದ ತಿರುಳು ಕುಸಿದು ಅದು ಸಿಡಿಯುವಾಗ (ಸೂಪರ್‌ನೋವಾ) ನ್ಯೂಟ್ರಿನೊಗಳೆಂಬ ಅತಿ ಹಗುರ ಕಣಗಳ ಬಗೆ (ಫ್ಲೇವರ್: ಎಲೆಕ್ಟ್ರಾನ್, ಮ್ಯೂಆನ್, ಟೌ) ಬದಲಾಗುವ ವಿಷಯವನ್ನು ಆರಿಸಿಕೊಂಡು ಒಂದೆಡೆ ಸಿಕ್ಕಿಕೊಂಡಿದ್ದೇನೆ.

ನಕ್ಷತ್ರದ ಹೊರಪದರಗಳಲ್ಲಿ ನಡೆಯುವ ಎಂಎಸ್‌ಡಬ್ಲ್ಯು ಪರಿಣಾಮ (ದ್ರವ್ಯದ ಮೂಲಕ ಸಾಗುವಾಗ ನ್ಯೂಟ್ರಿನೊಗಳ ಬಗೆ ಬದಲಾಗುವುದು) ಅರ್ಥವಾಗಿದೆ: ಎಲೆಕ್ಟ್ರಾನ್ ನ್ಯೂಟ್ರಿನೊಗೆ ಮಾತ್ರ ಅಲ್ಲಿನ ಎಲೆಕ್ಟ್ರಾನುಗಳೊಂದಿಗೆ ದುರ್ಬಲ ಬಲವನ್ನು ಹೊರುವ ಡಬ್ಲ್ಯು ಬೋಸಾನ್ ಕಣದ ಮೂಲಕ ಹೆಚ್ಚುವರಿ ಅಂತರಕ್ರಿಯೆ ಇರುವುದರಿಂದ, ಸಾಂದ್ರತೆ ಇಳಿಯುತ್ತಾ ನಿರ್ದಿಷ್ಟ ಮಟ್ಟಕ್ಕೆ ಬಂದಾಗ ಅನುರಣನ ಉಂಟಾಗಿ ಬಗೆ ಬದಲಾಗುತ್ತದೆ. ಎರಡು ಬಗೆಗಳ ಸಮೀಕರಣವನ್ನು ಪೈಥಾನ್‌ನಲ್ಲಿ ಬಿಡಿಸಿದಾಗ ಉತ್ತರ ಸರಿಯಾಗಿಯೇ ಬಂತು.

ತೊಡಕಿರುವುದು ತಿರುಳಿನ ಸಮೀಪದಲ್ಲಿ. ಕುಸಿತದಲ್ಲಿ ಬಿಡುಗಡೆಯಾಗುವ ಶಕ್ತಿಯ ಸುಮಾರು ಶೇ. 99 ಭಾಗವನ್ನು ಹೊತ್ತೊಯ್ಯುವ ನ್ಯೂಟ್ರಿನೊಗಳು ಅಲ್ಲಿ ಎಷ್ಟು ದಟ್ಟವಾಗಿರುತ್ತವೆಂದರೆ, ಪರಸ್ಪರ ಚದುರಿಕೆಯಲ್ಲಿಯೇ ತಮ್ಮ ಬಗೆಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆದರೆ ಮಂಡ್ಯದ ಸಂತೆಯಲ್ಲಿ ಒಬ್ಬನ ಹಸಿರು ಟವೆಲ್ ಇನ್ನೊಬ್ಬನ ಹೆಗಲೇರಿದರೆ ಸಂತೆಯಲ್ಲಿರುವ ಹಸಿರು ಟವೆಲ್‌ಗಳ ಒಟ್ಟು ಲೆಕ್ಕವೇನೂ ಬದಲಾಗದಲ್ಲವೇ? ಹಾಗಿದ್ದೂ ಹೊರಬರುವ ರೋಹಿತ (ಯಾವ ಶಕ್ತಿಯಲ್ಲಿ ಯಾವ ಬಗೆಯ ನ್ಯೂಟ್ರಿನೊಗಳು ಎಷ್ಟಿವೆ ಎಂಬ ಹಂಚಿಕೆ) ಬದಲಾಗಬಹುದು ಎಂದೇ ಎಲ್ಲೆಡೆ ಬರೆದಿರುತ್ತದೆ. 1987ರ ಸೂಪರ್‌ನೋವಾದಿಂದ ಜಪಾನಿನ ನ್ಯೂಟ್ರಿನೊ ಪತ್ತೆ ಸಾಧನ ಕಮಿಯೊಕಾಂಡೆ-2ರಲ್ಲಿ ಸಿಕ್ಕಿದ್ದು ಬೆರಳೆಣಿಕೆಯ ಘಟನೆಗಳಾದ್ದರಿಂದ, ಆ ದತ್ತಾಂಶವನ್ನು ನೋಡಿ ಇದನ್ನು ತೀರ್ಮಾನಿಸುವಂತೆಯೂ ಇಲ್ಲ.

ಬಲ್ಲವರು ಇಷ್ಟನ್ನು ತಿಳಿಸಿಕೊಡಬೇಕು: ರೋಹಿತ ಬದಲಾಗುವುದು ಬೇರೆ ಬೇರೆ ಶಕ್ತಿಯ ನ್ಯೂಟ್ರಿನೊಗಳ ನಡುವಿನ ವಿನಿಮಯದಿಂದಲೋ, ಎಲೆಕ್ಟ್ರಾನ್ ಬಗೆಯ ನ್ಯೂಟ್ರಿನೊ ಮತ್ತು ಪ್ರತಿನ್ಯೂಟ್ರಿನೊ ಜೋಡಿಯು ಮ್ಯೂಆನ್ ಬಗೆಯ ಜೋಡಿಯಾಗುವುದರಿಂದಲೋ, ಅಥವಾ ಎರಡರಿಂದಲೂ ಹೌದೋ?