ಕಜ್ಜಾಯ ಎಣ್ಣೆಗೆ ಬಿಟ್ಟ ಕೂಡಲೇ ಕರಗಿ ಹರಡುತ್ತಿದೆ: ಪಾಕದ ತಪ್ಪಾ, ಹಿಟ್ಟಿನ ತಪ್ಪಾ?

ಮಲ್ಲಿಗೆಹಂಬು (ಪ್ರಶ್ನೆ)

ದೀಪಾವಳಿಗೆ ಇನ್ನು ಹತ್ತು ದಿನ ಇದೆ. ಕೇದಾರೇಶ್ವರ ವ್ರತಕ್ಕೆ 21 ಕಜ್ಜಾಯ ಇಡಬೇಕು, ಅದಕ್ಕೇ ಮೊದಲೇ ಒಂದು ಸಲ ಮಾಡಿ ನೋಡಿದ್ದು. ಲೆಕ್ಕ ಹೀಗಿತ್ತು: ಸೋನಾ ಮಸೂರಿ ಅಕ್ಕಿ 500 ಗ್ರಾಂ, 5 ಗಂಟೆ ನೆನೆಸಿ, ಸೋಸಿ, ಬಟ್ಟೆ ಮೇಲೆ ಹರಡಿ ಫ್ಯಾನ್ ಕೆಳಗೆ 3 ಗಂಟೆ. ಮಿಕ್ಸಿಯಲ್ಲಿ ಪುಡಿ ಮಾಡಿ ರವೆ ಜರಡಿಯಲ್ಲಿ ಜರಡಿ ಹಿಡಿದೆ. ಅಚ್ಚು ಬೆಲ್ಲ 450 ಗ್ರಾಂ, ನೀರು ಒಂದು ಲೋಟ, ಒಂದೆಳೆ ಪಾಕ ಬಂದಾಗ ಹಿಟ್ಟು ಹಾಕಿ ಕಲಸಿ 2 ಗಂಟೆ ಬಿಟ್ಟೆ.

ಎಣ್ಣೆಗೆ ಬಿಟ್ಟ ತಕ್ಷಣ ಅಂಚು ಬಿಟ್ಟುಕೊಂಡು ನೊರೆ ಎದ್ದು, ಬಾಣಲೆ ತುಂಬಾ ಪುಡಿಪುಡಿ. ಉರಿ ಜಾಸ್ತಿ ಮಾಡಿದರೆ ಮೇಲೆ ಕಪ್ಪು, ಒಳಗೆ ಹಸಿ. ಉಳಿದ ಹಿಟ್ಟು ಫ್ರಿಜ್‌ನಲ್ಲಿದೆ. ಅದನ್ನು ಉಳಿಸಿಕೊಳ್ಳಬಹುದಾ? ಇನ್ನೊಂದು ಮಾತು, ಎಣ್ಣೆಯೇ ಬೇಡ ಅಂತ ಓವನ್‌ನಲ್ಲಿ ಬೇಯಿಸಿದರೆ ಆಗುತ್ತಾ?

ಕಡೆಗೋಲು

ಪಾಕದ್ದೂ ತಪ್ಪು, ಹಿಟ್ಟಿನದೂ ತಪ್ಪು. ದೊಡ್ಡ ತಪ್ಪು ಹಿಟ್ಟಿನದೇ.

ಎಣ್ಣೆಯ ಕಾವು ತಗುಲಿದಾಗ ಬೆಲ್ಲ ಮೊದಲು ಕರಗುತ್ತೆ. ಆಗ ಕಜ್ಜಾಯವನ್ನು ಹಿಡಿದು ನಿಲ್ಲಿಸೋದು ಅಕ್ಕಿಹಿಟ್ಟು, ಅದೂ ಬಿಸಿ ಪಾಕದಲ್ಲಿ ಅರೆಬೆಂದು ಉಬ್ಬಿ ಅಂಟು ಬಂದಿರೋ ಹಿಟ್ಟು. ಹಿಟ್ಟಿನಲ್ಲಿ ಹಸಿ ಇದ್ದರೆ ಮಾತ್ರ ಹಾಗೆ ಉಬ್ಬುತ್ತೆ. ಫ್ಯಾನ್ ಕೆಳಗೆ 3 ಗಂಟೆ ಇಟ್ಟರೆ ಅಕ್ಕಿ ಒಳಗಿಂದಲೇ ಒಣಗುತ್ತೆ. ಅದರ ಮೇಲೆ ರವೆ ಜರಡಿ, ಅಂದರೆ ತರಿತರಿ. ಅಂಟೇ ಇಲ್ಲದ ಹಿಟ್ಟಿಗೆ ನೀರಾದ ಒಂದೆಳೆ ಪಾಕ ಸೇರಿದರೆ ಕರಗದೆ ಇನ್ನೇನಾಗುತ್ತೆ? ಬೆಲ್ಲವೂ ಜಾಸ್ತಿ ಆಯಿತು. 500 ಗ್ರಾಂ ಅಕ್ಕಿಗೆ 350ರಿಂದ 375 ಗ್ರಾಂ ಬೆಲ್ಲ ಸಾಕು.

ಅಕ್ಕಿ ಎಷ್ಟು ಆರಬೇಕು ಅನ್ನೋದಕ್ಕೆ ಗಡಿಯಾರ ನೋಡಬೇಡಿ. ಈ ತಿಂಗಳು ಚಿತ್ತಾ, ಸ್ವಾತಿ ಮಳೆ ಹಿಡಿದರೆ ಒಂದು ಗಂಟೆಯಾದರೂ ಮೇಲಿನ ನೀರು ಹೋಗಲ್ಲ. ಬಿಸಿಲು ಬಿದ್ದ ದಿನ 20 ನಿಮಿಷಕ್ಕೆ ಮೀರಿಹೋಗುತ್ತೆ. ಮನೆಯಲ್ಲಿ ತಕ್ಕಡಿ ಇದ್ದರೆ ತೂಕ ಹಾಕಿ. 500 ಗ್ರಾಂ ಅಕ್ಕಿ ನೆಂದು ಆರಿದ ಮೇಲೆ 600ರಿಂದ 620 ಗ್ರಾಂ ತೂಗಬೇಕು. 650 ಇದ್ದರೆ ಮೇಲೆ ನೀರು ನಿಂತಿದೆ ಅಂತ. 560ಕ್ಕೆ ಇಳಿದಿದ್ದರೆ ಒಣಗಿದೆ, ಒಂದು ಕೈ ನೀರು ಚಿಮುಕಿಸಿ ಮುಚ್ಚಿ ಅರ್ಧ ಗಂಟೆ ಬಿಡಿ. ತಕ್ಕಡಿ ಇಲ್ಲದಿದ್ದರೆ ಅಂಗೈಯಲ್ಲಿ ಅಕ್ಕಿ ಹಿಡಿದು ಬಿಡಿ: ನಾಲ್ಕು ಕಾಳು ಅಂಟಿಕೊಂಡಿರಬೇಕು, ಅಂಗೈ ಒದ್ದೆ ಆಗಬಾರದು.

ಪುಡಿ ಮಾಡಿದ ಕೂಡಲೇ ಮೈದಾ ಜರಡಿಯಲ್ಲಿ ಹಿಡಿದು, ಪಾತ್ರೆಯಲ್ಲಿ ಒತ್ತಿ, ಒದ್ದೆ ಬಟ್ಟೆ ಮುಚ್ಚಿ. ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದರೆ ಬೆರಳಿನ ಅಚ್ಚು ನಿಲ್ಲಬೇಕು, ತಟ್ಟಿದರೆ ಉದುರಬೇಕು. ಹಿಟ್ಟು ತೆರೆದಿಟ್ಟು ಪಾಕಕ್ಕೆ ನಿಂತರೆ ಅಷ್ಟರಲ್ಲೇ ಅರ್ಧ ಹಸಿ ಹೋಗಿರುತ್ತೆ.

ಬೆಲ್ಲದಚ್ಚು

ಪಾಕದ ವಿಷಯ ನಾನು ಹೇಳ್ತೀನಿ. 375 ಗ್ರಾಂ ಬೆಲ್ಲಕ್ಕೆ 100 ಮಿ.ಲೀ. ನೀರು ಸಾಕು, ಕರಗೋದಕ್ಕಷ್ಟೇ. ಕರಗಿದ ಮೇಲೆ ಸೋಸಲೇಬೇಕು, ತಳದಲ್ಲಿ ಮಣ್ಣು, ಕಬ್ಬಿನ ನಾರು ಸಿಗುತ್ತೆ. ಆಮೇಲೆ ದಪ್ಪ ತಳದ ಪಾತ್ರೆಯಲ್ಲಿ ಮಧ್ಯಮ ಉರಿ. ಮೊದಲು ದೊಡ್ಡ ದೊಡ್ಡ ಗುಳ್ಳೆ ಬಂದು ನೊರೆ ಮೇಲೇಳುತ್ತೆ, ನಂತರ ಗುಳ್ಳೆ ಚಿಕ್ಕದಾಗಿ ಒತ್ತೊತ್ತಾಗಿ ಕುದಿಯುತ್ತೆ. ಅಲ್ಲಿಂದ ಪಾತ್ರೆ ಬಿಟ್ಟು ಕದಲಬೇಡಿ.

ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು ಅರ್ಧ ನಿಮಿಷಕ್ಕೊಮ್ಮೆ ಒಂದು ತೊಟ್ಟು ಬಿಡಿ. ನೀರಿನಲ್ಲಿ ಕರಗಿ ಬಣ್ಣ ಬಿಟ್ಟರೆ ಇನ್ನೂ ಆಗಿಲ್ಲ. ತಳದಲ್ಲಿ ನಿಂತು ಬೆರಳಲ್ಲಿ ಒಟ್ಟುಮಾಡಿದಾಗ ಮೆತ್ತನೆ ಉಂಡೆ ಆಗಿ, ನೀರಿಂದ ಎತ್ತಿದರೆ ಬೆರಳ ಮೇಲೆ ನಿಧಾನಕ್ಕೆ ಚಪ್ಪಟೆಯಾಗಬೇಕು. ಅದೇ ಹದ. ಉಂಡೆ ಗಟ್ಟಿಯಾಗಿ ಬಟ್ಟಲಿಗೆ ಹಾಕಿದರೆ ಟಣ್ ಅಂದರೆ ಅದು ಕಡಲೆಕಾಯಿ ಮಿಠಾಯಿ ಪಾಕ. ಅದಕ್ಕೆ ಹಿಟ್ಟು ಹಾಕಿದರೆ ಕಜ್ಜಾಯ ಮಾರನೇ ದಿನ ಕಲ್ಲು. ಮೀರಿತು ಅನ್ನಿಸಿದರೆ ಹಿಟ್ಟು ಹಾಕುವ ಮೊದಲೇ ಎರಡು ಚಮಚ ಬಿಸಿನೀರು ಹಾಕಿ ಮತ್ತೆ ಕುದಿಸಿ. ಹಿಟ್ಟು ಬಿದ್ದ ಮೇಲೆ ಇಷ್ಟು ಸುಲಭಕ್ಕೆ ಸರಿಯಾಗಲ್ಲ.

ಥರ್ಮಾಮೀಟರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಮೆತ್ತನೆ ಉಂಡೆ ಪಾಕಕ್ಕೆ ಪುಸ್ತಕದಲ್ಲಿ 112ರಿಂದ 116 ಡಿಗ್ರಿ ಸೆಲ್ಸಿಯಸ್ ಅಂತ ಇರುತ್ತೆ, ಅದು ಮಂಗಳೂರಿನಂಥ ಸಮುದ್ರಮಟ್ಟದ ಊರಿನ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರೇ 97 ಡಿಗ್ರಿಗೆ ಕುದಿಯುತ್ತೆ. ಹಾಗಾಗಿ ಇಲ್ಲಿ 109ರಿಂದ 112ರೊಳಗೆ ಇಳಿಸಿ. 116ರವರೆಗೆ ಕಾದರೆ ಪಾಕ ಮೀರಿರುತ್ತೆ.

ಇಳಿಸಿದ ಮೇಲೆ ಎರಡು ಚಮಚ ತುಪ್ಪ, ಏಲಕ್ಕಿ, ಹುರಿದ ಗಸಗಸೆ, ಬಿಳಿ ಎಳ್ಳು. ಕೊಬ್ಬರಿ ಬೇಕಾದರೆ ಒಣ ಕೊಬ್ಬರಿ ತುರಿ ಮಾತ್ರ, ಹಸಿ ತೆಂಗಿನಕಾಯಿ ಹಾಕಿದರೆ ಎರಡು ದಿನಕ್ಕೆ ಮುಗ್ಗುತ್ತೆ. ಹಿಟ್ಟು ಒಂದೊಂದೇ ಹಿಡಿ ಹಾಕ್ತಾ ಮರದ ಸೌಟಿನಲ್ಲಿ ತಿರುಗಿಸಿ, ಕೊನೆಯ ಒಂದು ಬಟ್ಟಲು ಹಿಟ್ಟು ಎತ್ತಿಡಿ. ಬಿಸಿ ಇರುವಾಗ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆದು ಇರಬೇಕು. ಇಷ್ಟು ಸಡಿಲವಾ ಅಂತ ಹೆದರಿ ಎಲ್ಲ ಹಿಟ್ಟನ್ನೂ ಸುರಿಯಬೇಡಿ, ರಾತ್ರಿ ಕಳೆದರೆ ತಾನೇ ಬಿಗಿಯುತ್ತೆ. ಮೇಲೆ ತುಪ್ಪ ಸವರಿ ಮುಚ್ಚಿಡಿ. ಕಡಿಮೆ ಅಂದರೆ ಒಂದು ರಾತ್ರಿ, ಎರಡು ದಿನ ಆದರೆ ಇನ್ನೂ ಚೆನ್ನ. 2 ಗಂಟೆ ಏನೇನೂ ಸಾಲದು.

ಜೋನಿ ಬೆಲ್ಲ ಇದಕ್ಕೆ ಬೇಡ, ಅದು ಗಟ್ಟಿ ಕೂರುವ ಜಾತಿಯಲ್ಲ. ತೀರಾ ಬಿಳಿಚಿಕೊಂಡ ಬೆಲ್ಲಕ್ಕಿಂತ ಕಂದು ಬಣ್ಣದ ಉಂಡೆ ಬೆಲ್ಲ ಅಥವಾ ಅಚ್ಚು ಬೆಲ್ಲದಲ್ಲೇ ರುಚಿ.

ಗಿರಣಿರಸ್ತೆ

5 ಗಂಟೆ ನೆನೆಸಿದರೆ ಸಾಕಾ ಅನ್ನೋದನ್ನು ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಮಿಕ್ಸಿಗಾದರೆ ಸಾಲದು. ಒಂದು ರಾತ್ರಿ ಪೂರ್ತಿ ನೆನೆಸಿದ ಅಕ್ಕಿಯನ್ನು ಎರಡು ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತೆ, ನುಣ್ಣಗೆ ಆಗೋದು ಅದೇ. ಹಳೇ ಕ್ರಮದಲ್ಲಿ ಮೂರು ದಿನ, ದಿನಾ ನೀರು ಬದಲಿಸಿ ನೆನೆಸುತ್ತಿದ್ದರು. ಆ ಮೃದು ಬೇರೆಯೇ.

ಗಿರಣಿಗೆ ಕೊಡೋದಾದರೆ ಒಣ ಹಿಟ್ಟಿನ ಯಂತ್ರಕ್ಕೆ ಹಾಕಿಸಬೇಡಿ, ಹಸಿ ಅಕ್ಕಿ ಬೀಸುವ ಯಂತ್ರ ಇದೆಯಾ ಅಂತ ಕೇಳಿ. ನಿಮಗಿಂತ ಮುಂಚೆ ರಾಗಿ ಬೀಸಿದ್ದರೆ ಮೊದಲ ಎರಡು ಹಿಡಿ ಪಕ್ಕಕ್ಕೆ ತೆಗೆಸಿ. ಗಿರಣಿ ಹಿಟ್ಟು ಬಿಸಿಯಾಗಿ ಬರುತ್ತೆ, ಡಬ್ಬಿ ಮುಚ್ಚಳ ಹಾಕಿದರೆ ಒಳಗೆ ಬೆವರಿ ಗಂಟು ಕಟ್ಟುತ್ತೆ. ಬಟ್ಟೆ ಮುಚ್ಚಿ ತನ್ನಿ, ಮನೆಗೆ ಬಂದು ಇನ್ನೊಮ್ಮೆ ಜರಡಿ ಹಿಡಿಯಿರಿ.

ಕಡೆಗೋಲು

ಮೂರು ದಿನದ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ನೀರು ಬದಲಿಸೋದು ಒಂದು ಹೊತ್ತು ತಪ್ಪಿದರೂ ಹುಳಿ ವಾಸನೆ ಬರುತ್ತೆ, ಕರಿದ ಮೇಲೂ ಹೋಗಲ್ಲ. ರಾತ್ರಿ ನೆನೆಸೋದು ಸರಿ. ತೀರಾ ಅವಸರ ಇದ್ದರೆ 6 ಗಂಟೆ ನೆನೆಸಿ, ಜರಡಿ ಮೇಲೆ ಉಳಿದ ತರಿಯನ್ನು ಮತ್ತೆ ಮಿಕ್ಸಿಗೆ ಹಾಕಿ. ಕೊನೆಗೆ ಉಳಿಯುವ ತರಿಯನ್ನು ಸೇರಿಸಬೇಡಿ, ಮಾರನೇ ದಿನ ಉಪ್ಪಿಟ್ಟಿಗೋ ಗಂಜಿಗೋ ಆಗುತ್ತೆ.

ಈಗ ಫ್ರಿಜ್‌ನಲ್ಲಿರೋ ಹಿಟ್ಟು. ಹೊರಗೆ ತೆಗೆದು 2 ಗಂಟೆ ಬಿಡಿ. ದಪ್ಪ ತಳದ ಬಾಣಲೆಗೆ ಒಂದು ಚಮಚ ತುಪ್ಪ ಹಾಕಿ, ಹಿಟ್ಟನ್ನು ತೀರಾ ಸಣ್ಣ ಉರಿಯಲ್ಲಿ 3–4 ನಿಮಿಷ ಮಗುಚಿ. ಹೆಚ್ಚಿನ ನೀರು ಹೋಗಿ, ಅಕ್ಕಿ ಸ್ವಲ್ಪ ಬೆಂದು ಅಂಟು ಬರುತ್ತೆ. ತಳ ಬಿಟ್ಟು ಬರುವಾಗ ಇಳಿಸಿ, ಹೊಸದಾಗಿ ನೆನೆಸಿ ಪುಡಿ ಮಾಡಿದ ಹಸಿ ಅಕ್ಕಿಹಿಟ್ಟು 4 ದೊಡ್ಡ ಚಮಚ ಸೇರಿಸಿ ನಾದಿ, ರಾತ್ರಿ ಇಡಿ. ಬೆಳಿಗ್ಗೆ ನೆಲ್ಲಿಕಾಯಿಯಷ್ಟು ತಟ್ಟಿ ಎಣ್ಣೆಗೆ ಬಿಟ್ಟು ನೋಡಿ. ಮತ್ತೂ ಅಂಚು ಬಿಟ್ಟರೆ ಎರಡು ಚಮಚ ಗೋಧಿಹಿಟ್ಟು. ಗೋಧಿ ಹಾಕಿದ್ದು ಸ್ವಲ್ಪ ಜಗಿಯುವ ಹಾಗಿರುತ್ತೆ, ಆದರೆ ಒಡೆಯಲ್ಲ.

ಓವನ್ ಬೇಡ. ಎಣ್ಣೆಯಲ್ಲಾದರೆ ಎರಡೂ ಕಡೆ ಒಮ್ಮೆಗೇ ಕಾವು ತಗುಲಿ ಮೇಲೆ ಪದರ ಕಟ್ಟುತ್ತೆ. ಓವನ್‌ನ ಬಿಸಿಗಾಳಿ ನಿಧಾನ, ಅಷ್ಟರಲ್ಲಿ ಬೆಲ್ಲ ಕರಗಿ ತಟ್ಟೆ ಮೇಲೆ ಹರಡಿ ಅಂಚು ಗಟ್ಟಿ ಬಿಸ್ಕತ್ತಿನ ಹಾಗಾಗುತ್ತೆ.

ದೂರದೂರು

ಹೊರದೇಶದಲ್ಲಿ ಗಿರಣಿ ಇಲ್ಲದೆ, ಅಂಗಡಿಯ ಒಣ ಅಕ್ಕಿಹಿಟ್ಟೇ ಗತಿ ಅನ್ನುವವರಿಗೆ: 500 ಗ್ರಾಂ ಹಿಟ್ಟಿಗೆ 110 ಮಿ.ಲೀ. ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ, ಪುಟ್ಟಿನ ಹಿಟ್ಟಿನ ಹಾಗೆ ಬೆರಳ ತುದಿಯಲ್ಲಿ ಉಜ್ಜಿ. ಗಂಟು ಒಡೆದು ಜರಡಿ ಹಿಡಿದು, ಮುಚ್ಚಿ ಒಂದು ಗಂಟೆ ಬಿಡಿ, ಆಮೇಲೆ ಪಾಕಕ್ಕೆ ಹಾಕಿ. ನೆನೆಸಿದ ಅಕ್ಕಿಯ ಮೃದು ಬರಲ್ಲ, ಆದರೆ ಒಡೆಯದೆ ನಿಲ್ಲುತ್ತೆ. ಒಣ ಹಿಟ್ಟನ್ನು ಹಾಗೇ ಹಾಕಿದರೆ ಪಾಕದ ನೀರನ್ನೆಲ್ಲ ಎಳೆದುಕೊಂಡು ಗಾರೆ ಹಾಗಾಗುತ್ತೆ. ಅಕ್ಟೋಬರ್‌ನಲ್ಲಿ ಹೀಟರ್ ಹಾಕುವ ಮನೆಗಳಲ್ಲಿ ಗಾಳಿ ತುಂಬ ಒಣ, ಹಿಟ್ಟಿನ ಮೇಲೆ ಬಟ್ಟೆ ಸಾಲದು, ಮುಚ್ಚಳವೇ ಬೇಕು.

ಮಲ್ಲಿಗೆಹಂಬು

ಕಡೆಗೋಲು ಹೇಳಿದ ಹಾಗೆ ಮಗುಚಿ, ಹಸಿ ಹಿಟ್ಟು ಸೇರಿಸಿ ರಾತ್ರಿ ಇಟ್ಟೆ. ಈಗ ಕರಗುತ್ತಿಲ್ಲ, ಉಬ್ಬುತ್ತೆ ಕೂಡ. ಆದರೆ ತಟ್ಟುವಾಗ ಅಂಚು ಸೀಳುತ್ತಿದೆ, ಎಣ್ಣೆಯನ್ನೂ ತುಂಬಾ ಕುಡಿಯುತ್ತಿದೆ. ಎಣ್ಣೆ ಎಷ್ಟು ಕಾಯಬೇಕು?

ಬೆಲ್ಲದಚ್ಚು

ಸೀಳೋದು ಹಿಟ್ಟು ಬಿಗಿಯಾಗಿದ್ದಕ್ಕೆ. ಬೆಚ್ಚಗಿನ ಹಾಲು ಒಂದೊಂದೇ ಚಮಚ ಹಾಕಿ ಅಂಗೈಯಿಂದ ತಿಕ್ಕಿ ನಾದಿ, ಎರಡು ಮೂರು ಚಮಚದಲ್ಲೇ ಸರಿಹೋಗುತ್ತೆ. ಹಾಲು ಹಾಕಿದ್ದನ್ನು ಮೂರ್ನಾಲ್ಕು ದಿನದಲ್ಲಿ ಮುಗಿಸಿ. ವ್ರತಕ್ಕೆ ಹೊಸ ಹಿಟ್ಟು ಕಲಸಿ, ಅದಕ್ಕೆ ಹಾಲು ಬೇಡ.

ಎಣ್ಣೆ 160ರಿಂದ 165 ಡಿಗ್ರಿ. ಚಿಟಿಕೆ ಹಿಟ್ಟು ಬಿಟ್ಟರೆ ತಳ ಮುಟ್ಟಿ, ಒಂದು ಎರಡು ಮೂರು ಅಂತ ಎಣಿಸುವಷ್ಟರಲ್ಲಿ ಮೇಲೆ ಬರಬೇಕು. ತಳದಲ್ಲೇ ಕೂತರೆ ಕಾದಿಲ್ಲ, ಆ ಎಣ್ಣೆಗೆ ಬಿಟ್ಟರೆ ಒಳ್ಳೇ ಹಿಟ್ಟೂ ಎಣ್ಣೆ ಕುಡಿಯುತ್ತೆ. ಬಿಟ್ಟ ತಕ್ಷಣ ಮೇಲೆದ್ದು ಕೆಂಪಾದರೆ ಹೆಚ್ಚು ಕಾದಿದೆ. ಬೆಲ್ಲ ಇರೋದರಿಂದ ಬಣ್ಣ ಬೇಗ ತಿರುಗುತ್ತೆ, ಬಣ್ಣ ನೋಡಿ ಬೆಂದಿದೆ ಅಂದುಕೊಳ್ಳಬೇಡಿ.

ಬಾಳೆ ಎಲೆಗೆ ಅಥವಾ ತೊಳೆದ ಹಾಲಿನ ಕವರಿಗೆ ತುಪ್ಪ ಸವರಿ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪ ತಟ್ಟಿ, ಎಲ್ಲ ಕಡೆ ಒಂದೇ ಸಮ. ಒಂದು ಸಲಕ್ಕೆ ಎರಡು ಮಾತ್ರ. ಬಿಟ್ಟ ಮೇಲೆ ತಾನಾಗೇ ಮೇಲೆ ಬರುವವರೆಗೆ ಸೌಟು ಮುಟ್ಟಿಸಬೇಡಿ. ಮೇಲೆ ಬಂದ ಮೇಲೆ ಬಿಸಿ ಎಣ್ಣೆ ಎರಚಿ, ಒಂದೇ ಸಲ ಮಗುಚಿ. ಜೇನಿನ ಬಣ್ಣಕ್ಕೆ ತೆಗೆಯಿರಿ, ಹೊರಗೆ ಬಂದ ಮೇಲೂ ಒಂದು ಛಾಯೆ ಗಾಢವಾಗುತ್ತೆ. ತೆಗೆದ ಕೂಡಲೇ ಎರಡು ಚಪ್ಪಟೆ ಸಟ್ಟುಗದ ನಡುವೆ ಇಟ್ಟು ಬಾಣಲೆ ಮೇಲೇ ಒತ್ತಿ. ಒಂದು ಕಜ್ಜಾಯದಿಂದ ಒಂದು ಚಮಚದಷ್ಟು ಎಣ್ಣೆ ಇಳಿಯುತ್ತೆ. ತಣ್ಣಗಾದ ಮೇಲೆ ಒತ್ತಿದರೆ ಮುರಿಯುತ್ತೆ, ಎಣ್ಣೆ ಬರಲ್ಲ.

500 ಗ್ರಾಂ ಅಕ್ಕಿಯ ಹಿಟ್ಟಿನಲ್ಲಿ 35 ಗ್ರಾಮಿನ ಉಂಡೆ ಮಾಡಿದರೆ 25ಕ್ಕಿಂತ ಮೇಲೆ ಬರುತ್ತೆ. 21ನ್ನು ಎಣಿಸಿ ಇಟ್ಟು, ಪರೀಕ್ಷೆಗೆ ಬಿಡೋದನ್ನು ಉಳಿದದ್ದರಲ್ಲಿ ನೋಡಿಕೊಳ್ಳಿ. ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಒಂದರ ಮೇಲೊಂದು ಪೇರಿಸದೆ ಓರೆಯಾಗಿ ನಿಲ್ಲಿಸಿ, ತಳಕ್ಕೆ ಒಂದು ಕಾಗದ ಹಾಸಿ. ಹಾಲು ಹಾಕದ ಕಜ್ಜಾಯ ಹತ್ತು ಹನ್ನೆರಡು ದಿನ ಇರುತ್ತೆ. ಮಳೆ ಹಿಡಿದರೆ ಮೇಲೆ ಜಿಗುಟಾಗುತ್ತೆ, ಆಗ ಕಾದ ತವಾ ಮೇಲೆ ಎರಡೂ ಕಡೆ ಅರ್ಧರ್ಧ ನಿಮಿಷ ಇಟ್ಟು ಕೊಡಿ.